ಮಂಚ ಒಂದು, ಹಾಸಿಗೆ ಇಲ್ಲ

ಆಗಸ್ಟ್ 4, ಸೋಮವಾರ

ಇವತ್ತಿನಿಂದ ಬರೆದಿಡುತ್ತೇನೆ. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರೆ. ಹತ್ತೊಂಬತ್ತು ವರ್ಷ ನಾನು ಬದುಕಿದ್ದೇ ಹಾಗೆ. ಇವತ್ತು ಆ ಬಾಯಿಯೇ ಕೈಕೊಟ್ಟಿತು.

ಸಂಜೆ ಐದಕ್ಕೆ ಮಗಳ ಸ್ಕೂಲಿನ ಬಾಸ್ಕೆಟ್‌ಬಾಲ್ ಕೋರ್ಟಿನ ತಂತಿಬೇಲಿಯ ಹೊರಗೆ ನಿಂತಿದ್ದೆ. ಒಳಗೆ ತಂಡದ ಆಯ್ಕೆ. ಹಳೇ ಊರಿನ ಸ್ಕೂಲಿನಲ್ಲಿ ಅವಳು ಕ್ಯಾಪ್ಟನ್. ಇಲ್ಲಿ ಹನ್ನೆರಡು ಹೆಸರು ಓದಿದರು, ಹನ್ನೆರಡನೆಯದು ಅವಳದು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆಮೇಲೆ ಕೋಚು ಬೇಲಿಯ ಹತ್ತಿರ ಬಂದ. ಕೊರಳಲ್ಲಿ ಸದಾ ಸೀಟಿ ತೂಗುತ್ತಿರುತ್ತದೆ, ಹಾಗಾಗಿ ನನ್ನ ಪುಸ್ತಕದಲ್ಲಿ ಅವನ ಹೆಸರು ಸೀಟಿ. ನಾನು ಯಾರೆಂದು ಗೊತ್ತಿಲ್ಲದೆ, ನನ್ನ ಪಕ್ಕ ನಿಂತಿದ್ದ ಹಲ್ಲಿನ ಡಾಕ್ಟರಿಗೆ ಹೇಳಿದ:

“ಆ ಕೊನೇ ಹುಡುಗಿ ಇದಾಳಲ್ಲ ಸಾರ್, ಲಾರಿಯಮ್ಮನ ಮಗಳಂತೆ. ಕೈಯೇನೋ ಚೆನ್ನಾಗಿದೆ. ಆದ್ರೆ ಇಂಥವ್ರಿಗೆ ಕಲಿಸಿ ಏನ್ ಬಂತು? ಇವತ್ತು ಇಲ್ಲಿ, ನಾಳೆ ಇನ್ನೊಂದೂರು. ಬಾಡಿಗೆ ಮನೆಗೆ ಯಾರಾದ್ರೂ ಮಾರ್ಬಲ್ ಹಾಕಿಸ್ತಾರಾ?”

ಡಾಕ್ಟರು ನಕ್ಕರು. ಹಲ್ಲು ಚೆನ್ನಾಗಿವೆ. ಅವರ ಮಗಳ ಹೆಸರು ಪಟ್ಟಿಯಲ್ಲಿ ಮೊದಲನೆಯದು. ಉದ್ದಕ್ಕೆ ಬೆಳೆದ ಹುಡುಗಿ. ಅವಳನ್ನು ಏಣಿ ಎಂದು ಬರೆದುಕೊಳ್ಳುತ್ತೇನೆ.

ಲಾರಿಯಮ್ಮ ಅಂದದ್ದಕ್ಕೆ ಬೇಜಾರಿಲ್ಲ. ಜನರ ಮನೆ ಸಾಮಾನು ಒಂದು ಊರಿಂದ ಇನ್ನೊಂದೂರಿಗೆ ಸಾಗಿಸುವುದು ನನ್ನ ಕಸುಬು. ಲೋಡಿನ ಮೇಲೆ ಕೂತು ಹಗ್ಗ ಹಿಡಿದು ಶುರು ಮಾಡಿದವಳು. ಈಗ ಎರಡು ಲಾರಿ, ಒಂದು ಟೆಂಪೋ, ಏಳು ಜನ. ಯಜಮಾನರು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿದ್ದಾರೆ. ಅವರಿಗೆ ವರ್ಗವಾದಾಗಲೆಲ್ಲ ನಾನು ಕಸುಬನ್ನೂ ಕಟ್ಟಿಕೊಂಡು ಹೊರಡುತ್ತೇನೆ. ಮಗಳಿಗೆ ಇದು ನಾಲ್ಕನೇ ಸ್ಕೂಲು. ಪ್ರತಿ ಊರಲ್ಲೂ ನಾನು ಮೊದಲು ಕೇಳುವುದು ಒಂದೇ: ಕೋರ್ಟು ಎಲ್ಲಿದೆ?

ಲಾರಿಯಮ್ಮ ಅನ್ನಲಿ. ಬಾಡಿಗೆ ಮನೆ ಅಂದನಲ್ಲ, ನನ್ನ ಮಗಳನ್ನು. ಅದಕ್ಕೆ ಸೀಟಿ ಒಂದು ದಿನ ಉತ್ತರ ಕೊಡುತ್ತಾನೆ.


ಆಗಸ್ಟ್ 9, ಶನಿವಾರ

ಮೊದಲ ಪಂದ್ಯ. ಒಟ್ಟು ನಲವತ್ತು ನಿಮಿಷದ ಆಟ. ಲೋಡಿಂಗಿಗೆ ಹೊತ್ತು ನೋಡುವ ಗಡಿಯಾರವನ್ನೇ ಹಿಡಿದು ಕೂತಿದ್ದೆ. ಏಣಿ 38 ನಿಮಿಷ. ನನ್ನ ಮಗಳು 2. ಅದೂ ಗೆಲುವು ಖಾತ್ರಿಯಾದ ಮೇಲೆ, ಮದುವೆ ಊಟ ಮುಗಿದ ಮೇಲೆ ಎಲೆ ಎತ್ತಲು ಕರೆದ ಹಾಗೆ.

ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ನನಗೆ ಆ ಚಪ್ಪಾಳೆ ಒಂದೊಂದೂ ಕೆನ್ನೆಗೆ ಬಿದ್ದಂತಾಯಿತು.


ಆಗಸ್ಟ್ 16, ಶನಿವಾರ

4 ನಿಮಿಷ. ಯಜಮಾನರು ಮನೆಯಲ್ಲಿ ಕೇಳಿದರು: “ಗೆದ್ರಾ?”

“ಯಾರು?”

“ತಂಡ ಕಣೇ. ಇನ್ಯಾರು?”

“ತಂಡ ಗೆಲ್ತು. ನಾವು ಕೂತಿದ್ವಿ.”

“ನೀನ್ಯಾಕೆ ಆ ಕೋಚಿನ ಮೇಲೆ ಹಲ್ಲು ಮಸೀತೀಯ? ಅವಳು ಖುಷಿಯಾಗಿದಾಳಲ್ಲ.”

ಮೂಳೆ ನೋಡುವವರಿಗೆ ಮುಖ ಕಾಣುವುದಿಲ್ಲ. ತಾಯಿಯ ಕಣ್ಣಿಗೆ ಕಾಣುವುದು ಬೇರೆ. ಮಗಳು ನಗುತ್ತಾಳೆ ನಿಜ, ಅದು ನೋವು ಮುಚ್ಚುವ ನಗೆ. ನನಗೆ ಗೊತ್ತಿಲ್ಲವೇ.


ಆಗಸ್ಟ್ 21, ಗುರುವಾರ

ಆರೂವರೆ ಆದರೂ ಮಗಳು ಬರಲಿಲ್ಲ. ಟೆಂಪೋ ತಿರುಗಿಸಿಕೊಂಡು ಹೋದೆ. ಕೋರ್ಟಿನಲ್ಲಿ ಇಬ್ಬರೇ: ಇವಳು, ಏಣಿ. ಏಣಿ ಇವಳ ಬಲಗೈಯನ್ನು ಬೆನ್ನ ಹಿಂದೆ ಟವೆಲಿನಿಂದ ಕಟ್ಟಿ, ಎಡಗೈಯಲ್ಲೇ ಚೆಂಡು ಬಡಿಸುತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

“ಆಂಟಿ, ಇವಳ ಎಡಗೈ ಅಂದ್ರೆ ಬರೀ ಗಡಿಯಾರ ಕಟ್ಟೋಕಿರೋದು!” ಎಂದಳು ಏಣಿ.

ನನ್ನ ಮಗಳ ಕೈ ಕಟ್ಟಿಹಾಕಿ ಗೇಲಿ ಮಾಡುವುದು. ಬರೆದುಕೊಂಡೆ.


ಆಗಸ್ಟ್ 24, ಭಾನುವಾರ

ದೇವರು ತಡ ಮಾಡಿದರೂ ವಿಳಾಸ ತಪ್ಪುವುದಿಲ್ಲ.

ಸ್ಕೂಲಿನಿಂದ ಎರಡು ಹಾಳೆ ಬಂದಿದ್ದವು. ಒಂದು ಟೂರ್ನಮೆಂಟ್ ಸಮಿತಿಯ ನಿಯಮಗಳು, ಸಹಿ ಹಾಕಿ ವಾಪಸ್ ಕೊಡುವುದಕ್ಕೆ. ಇನ್ನೊಂದು ಹೊರಗಿನ ಪಂದ್ಯಕ್ಕೆ ವ್ಯಾನ್ ಹೋಗುವಾಗ ಯಾರನ್ನು ಎಲ್ಲಿ ಹತ್ತಿಸಿಕೊಳ್ಳಬೇಕೆಂಬ ವಿಳಾಸಗಳು. ಆರನೇ ನಿಯಮ: ಈ ವರ್ಷ ಸ್ಕೂಲು ಬದಲಿಸಿದ ಹುಡುಗಿ ಆಡಬೇಕಾದರೆ, ಅಪ್ಪ ಅಮ್ಮನ ಸಮೇತ ಸ್ಕೂಲಿನ ವ್ಯಾಪ್ತಿಯೊಳಗೆ ವಾಸವಿರಬೇಕು. ನಾವಿದ್ದೇವೆ. ಏಣಿಯೂ ಈ ಜೂನ್‌ನಲ್ಲಿ ಸೇರಿದವಳೇ, ಸೇತುವೆಯಾಚೆಯ ಸ್ಕೂಲಿನಿಂದ. ಅವಳ ವಿಳಾಸ ನೋಡಿದೆ: ಮೂಲೆಯ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.

ನಮ್ಮ ಕಸುಬಿನವರು ಮನೆ ಮರೆಯಬಹುದು, ಮೆಟ್ಟಿಲು ಮರೆಯುವುದಿಲ್ಲ. ಜೂನ್‌ನಲ್ಲಿ ನಮ್ಮ ಮೇಸ್ತ್ರಿ ಗೊಣಗಿದ್ದ: “ಜೆರಾಕ್ಸ್ ಅಂಗಡಿ ಮೆಟ್ಲು ಮೆಟ್ಲಲ್ಲಕ್ಕ, ಕೊಕ್ಕೆ. ಮಂಚ ತಿರುಗಿಸೋ ಹೊತ್ಗೆ ಸೊಂಟ ತಿರುಗೋಯ್ತು.” ಆ ದಿನ ನಾನು ದೊಡ್ಡ ಲಾರಿಯ ಜೊತೆ ಬೇರೆ ಕಡೆ ಹೋಗಿದ್ದೆ.

ಪಟ್ಟಿಪುಸ್ತಕ ತೆಗೆದೆ. ಯಾರ ಮನೆಯೇ ಆಗಲಿ, ಏನು ಏರಿತು, ಏನು ಇಳಿಯಿತು, ಎಲ್ಲವನ್ನೂ ಕಾರ್ಬನ್ ಇಟ್ಟು ಬರೆಯುವುದು ನಮ್ಮ ಪದ್ಧತಿ. ಮೇಲಿನ ಪ್ರತಿ ಮನೆಯವರಿಗೆ, ಕೆಳಗಿನದು ನಮಗೆ. ಸಿಕ್ಕಿತು. ಹಲ್ಲಿನ ಡಾಕ್ಟರ ಮನೆ, ಜೂನ್ 8. ಅಚ್ಚುಕಟ್ಟಾಗಿದೆ, ಅಂಕಿಗಳ ಸುತ್ತ ನಾನು ಕಲಿಸಿದ ಹಾಗೇ ದುಂಡನೆಯ ಗೆರೆ.

ಒಂದು: ಮಂಚ ಒಂದು, ಹಾಸಿಗೆ ಇಲ್ಲ.
ಎರಡು: ಮೇಜು, ಕುರ್ಚಿ.
ಮೂರು: ಟೇಬಲ್ ಲ್ಯಾಂಪ್, ಬಲ್ಬ್ ಇಲ್ಲ.
ನಾಲ್ಕು: ಸೂಟ್‌ಕೇಸ್, ಖಾಲಿ.
ಷರಾ: ಒಲೆ, ಪಾತ್ರೆ, ಹಾಸಿಗೆ, ಬಟ್ಟೆ ಎಲ್ಲ ಹಳೇ ಮನೆಯಲ್ಲೇ ಇವೆ. ಮನೆಯವರು ಅಲ್ಲೇ ಇರುತ್ತಾರಂತೆ.

ಹಾಸಿಗೆಯಿಲ್ಲದ ಮಂಚದ ಮೇಲೆ ಯಾರು ಮಲಗುತ್ತಾರೆ? ಕೆಳಗೆ ಡಾಕ್ಟರ ಸಹಿ.

ಊರು ಬಿಟ್ಟು ಊರಿಗೆ ನಿಜವಾಗಿ ಬಂದವಳ ಮಗಳು ಬೆಂಚಿನ ಮೇಲೆ. ಬಂದಂತೆ ನಟಿಸಿದವನ ಮಗಳಿಗೆ 38 ನಿಮಿಷ. ಮತ್ತೆ ಬಾಡಿಗೆ ಮನೆ ನಾವು!

ಯಾರಿಗೂ ಹೇಳಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಕಂಡದ್ದು ಲಾರಿಯಿಂದ ಕೆಳಗಿಳಿಯಬಾರದು ಎಂದು ನಮ್ಮವರಿಗೆಲ್ಲ ಹೇಳಿಕೊಟ್ಟವಳೇ ನಾನು. ಸಾಮಾನಿಗಿಂತ ಮೊದಲು ಜನ ನಮ್ಮ ಕೈಗೆ ಕೊಡುವುದು ಮಾನ. ಪುಸ್ತಕ ಮುಚ್ಚಿಟ್ಟೆ. ಆದರೆ ಬೀರುವಿನಲ್ಲಿಡಲಿಲ್ಲ, ದಿಂಬಿನ ಪಕ್ಕ ಇಟ್ಟುಕೊಂಡೆ.


ಆಗಸ್ಟ್ 30, ಶನಿವಾರ

7 ನಿಮಿಷ. ಮಗಳು ಎರಡು ಬಾಸ್ಕೆಟ್ ಹಾಕಿದಳು. ಎರಡೂ ಸಲ ಚೆಂಡು ಕೊಟ್ಟದ್ದು ಏಣಿ, ತಾನೇ ಹಾಕಬಹುದಾಗಿದ್ದರೂ. ಮನೆಯ ನಾಯಿಗೆ ಬಿಸ್ಕತ್ತು ಎಸೆದ ಹಾಗೆ. ಒಂದನ್ನು ಎಡಗೈಯಲ್ಲಿ ಹಾಕಿದಳೆಂದು ಯಜಮಾನರು ಎದ್ದು ನಿಂತು ಕೂಗಿದರು. ನಾನು ನೋಡಲಿಲ್ಲ, ಸೀಟಿಯ ಮುಖ ನೋಡುತ್ತಿದ್ದೆ. ಅವನು ಏನೋ ಬರೆದುಕೊಂಡ. ಬರೆದುಕೊಳ್ಳಲಿ. ಬರೆಯುವ ಪುಸ್ತಕ ನನ್ನ ಹತ್ತಿರವೂ ಇದೆ.


ಸೆಪ್ಟೆಂಬರ್ 6, ಶನಿವಾರ

ಕ್ವಾರ್ಟರ್ ಫೈನಲ್ ಗೆದ್ದರು. 11 ನಿಮಿಷ. ಮುಗಿದ ಮೇಲೆ ಸೀಟಿ ತಾನಾಗಿಯೇ ನನ್ನ ಹತ್ತಿರ ಬಂದ.

“ನೀವೇ ಅಲ್ವೇನಮ್ಮಾ ಲಾರಿಯವ್ರು? ನಿಮ್ಮ ಹುಡುಗಿ ಪರ್ವಾಗಿಲ್ಲ.”

“ಹೌದಾ.”

“ಒಂದ್ ಮಾತು ಕೇಳ್ಬೇಕಿತ್ತು. ಮುಂದಿನ್ ವರ್ಷ ಊರಲ್ಲಿ ಇರ್ತೀರಾ? ಇರೋದಾದ್ರೆ ಹೇಳಿ.”

ಇರ್ತೀರಾ! ಅಷ್ಟು ಜನರ ನಡುವೆ! ನನ್ನನ್ನು, ನನ್ನ ಲಾರಿಯನ್ನು, ನನ್ನ ಮಗಳನ್ನು ಒಂದೇ ಮಾತಿನಲ್ಲಿ ಗೇಟಿನಾಚೆ ನಿಲ್ಲಿಸಿದ. ಯಾಕೆ ಕೇಳುತ್ತಿದ್ದೀರಿ ಎಂದು ನಾನೂ ಕೇಳಲಿಲ್ಲ. “ಯೋಚನೆ ಮಾಡಿ ಹೇಳ್ತೀನಿ ಸಾರ್” ಎಂದೆ, ಸಕ್ಕರೆ ಕಲಸಿ.

ಯೋಚನೆ ಮಾಡಿ ಆಗಿದೆ.


ಸೆಪ್ಟೆಂಬರ್ 9, ಮಂಗಳವಾರ

ಮಧ್ಯಾಹ್ನ ಹನ್ನೆರಡಕ್ಕೆ ಪುಟ ಹರಿದೆ. ಕವರಿಗೆ ಹಾಕಿದೆ. ಸಮಿತಿಯ ಕಚೇರಿಯ ಬಾಗಿಲಲ್ಲಿರುವ ಡಬ್ಬಕ್ಕೆ ಹಾಕಿದೆ. ಹೆಸರು ಬರೆಯಲಿಲ್ಲ. ಪುಟದ ಮೇಲಿದ್ದ ನಮ್ಮ ಲಾರಿಯ ಹೆಸರನ್ನು ಕತ್ತರಿಸಿ ತೆಗೆದಿದ್ದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಒಂದು ಕ್ಷಣ ಕೈ ತಡೆಯಿತು. ಬಾಡಿಗೆ ಮನೆಯ ಮಾರ್ಬಲ್ ನೆನಪಾಯಿತು. ಕವರನ್ನು ಒಳಗೆ ಬಿಟ್ಟುಬಿಟ್ಟೆ.


ಸೆಪ್ಟೆಂಬರ್ 11, ಗುರುವಾರ

ಬಿತ್ತು! ಏಣಿ ತಂಡದಿಂದ ಹೊರಗೆ. ಈ ವರ್ಷವಿಡೀ ಆಡುವಂತಿಲ್ಲ. ಸೀಟಿಗೆ ಎಚ್ಚರಿಕೆ ಪತ್ರ. ಸೆಮಿಫೈನಲ್‌ಗೆ ಇನ್ನೆರಡೇ ದಿನ. ಬೇಲಿಯ ಹೊರಗೆ ಕಡಲೆಕಾಯಿ ಸುಲಿಯುತ್ತಾ ನಿಂತು ಅವನ ಮುಖ ನೋಡಿದೆ. ಸೀಟಿ ಊದಿದರೆ ಗಾಳಿ ಮಾತ್ರ ಬರುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಬೀರು ಇಳಿಸಿದ್ದೇನೆ, ಇಷ್ಟು ಹಗುರ ಎಂದೂ ಆಗಿರಲಿಲ್ಲ.

ಏಣಿಯ ಜಾಗಕ್ಕೆ ಯಾರು? ನನ್ನ ಮಗಳು. ಮೊದಲ ಐವರಲ್ಲಿ.

ಅವಳು ಊಟ ಮಾಡಲಿಲ್ಲ. ದೊಡ್ಡ ಪಂದ್ಯದ ಹೆದರಿಕೆ ಇರಬೇಕು.


ಸೆಪ್ಟೆಂಬರ್ 13, ಶನಿವಾರ

40 ನಿಮಿಷ. ಪೂರ್ತಿ. ಒಂದು ಸೆಕೆಂಡೂ ಬೆಂಚಿಲ್ಲ.

ಇಷ್ಟು ಬರೆದು ಸುಮ್ಮನೆ ಕೂತೆ. ಉಳಿದದ್ದನ್ನೂ ಬರೆಯಲೇಬೇಕು.

ಮೊದಲ ಹತ್ತು ನಿಮಿಷ ನನಗೆ ಗೊತ್ತಾಗಲಿಲ್ಲ. ಮಗಳು ಓಡುತ್ತಿದ್ದಳು, ಕೈ ಚಾಚುತ್ತಿದ್ದಳು, ಚೆಂಡು ಇನ್ನೆಲ್ಲಿಗೋ ಹೋಗುತ್ತಿತ್ತು. ಆಮೇಲೆ ಎಣಿಸಿದೆ. ನಲವತ್ತು ನಿಮಿಷದಲ್ಲಿ ಉಳಿದ ನಾಲ್ವರು ಅವಳಿಗೆ ಕೊಟ್ಟ ಪಾಸು ಸೊನ್ನೆ. ಎದುರು ತಂಡದವರ ಕೈಗೆ ಬೇಕಾದರೂ ಕೊಟ್ಟರು, ಇವಳಿಗೆ ಕೊಡಲಿಲ್ಲ. ಸೀಟಿ ಕೂಗಿ ಕೂಗಿ ಗಂಟಲು ಹರಿದುಕೊಂಡ: “ಆ ಕಡೆ ಕೊಡ್ರೇ! ಖಾಲಿ ನಿಂತಿದಾಳೆ, ಕೊಡ್ರೇ!” ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತೊಂದು, ಐವತ್ತೆಂಟು. ಸೋತರು.

ಮನೆಗೆ ಬರುವಾಗ ಟೆಂಪೋದಲ್ಲಿ ಮಗಳು ಮುಂದಿನ ರಸ್ತೆಯನ್ನೇ ನೋಡುತ್ತಾ ಕೇಳಿದಳು:

“ಅಮ್ಮ, ಆ ಪಟ್ಟಿ ಯಾರು ಬರೆದಿದ್ದು ಗೊತ್ತಾ?”

“ಯಾವ ಪಟ್ಟಿ?” ಎಂದೆ. ಊರು ಮಾರುವ ಬಾಯಿಗೆ ಅಷ್ಟೇ ಬಂತು.

“ಸುಮ್ನಿರಮ್ಮ. ಸಮಿತಿಯವ್ರು ಅದನ್ನ ಹೆಡ್‌ಮಿಸ್‌ಗೆ ಕಳ್ಸಿದ್ರು. ಹೆಡ್‌ಮಿಸ್ ತಂಡಾನೆಲ್ಲ ಕರ್ಸಿ ಮೇಜಿನ ಮೇಲಿಟ್ರು. ಅದು ನನ್ನ ಅಕ್ಷರ. ತಂಡದ ಹಾಜರಿ ಬರೆಯೋದು ನಾನೇ, ಎಲ್ರೂ ದಿನಾ ನೋಡ್ತಾರೆ.”

ಬ್ರೇಕ್ ಹಾಕಿ ಟೆಂಪೋ ಬದಿಗೆ ನಿಲ್ಲಿಸಿದೆ.

“ಜೂನ್‌ನಲ್ಲಿ ನೀನು ದೊಡ್ಡ ಲಾರಿ ಜೊತೆ ಹೋದೆ. ಮೇಸ್ತ್ರಿ ಮಾಮಂಗೆ ಬರೆಯೋಕೆ ಬರಲ್ಲ ಅಂತ ನನ್ನನ್ನೇ ಕಳ್ಸಿದ್ದೆ. ಮರ್ತೋಯ್ತಾ?”

ಮರೆತೇಹೋಗಿತ್ತು. ಪುಟದಲ್ಲಿ ಮಂಚ ನೋಡಿದೆ, ಹಾಸಿಗೆ ನೋಡಿದೆ, ಡಾಕ್ಟರ ಸಹಿ ನೋಡಿದೆ. ಬರೆದ ಕೈ ಯಾರದೆಂದು ನೋಡಲಿಲ್ಲ. ನಾನೇ ಕೈ ಹಿಡಿದು ತಿದ್ದಿಸಿದ ಅಕ್ಷರ.

“ಅವಳು ಅವತ್ತೇ ಕೇಳ್ಕೊಂಡಿದ್ಲು, ಯಾರಿಗೂ ಹೇಳ್ಬೇಡ ಕಣೇ ಅಂತ. ನಾನೇನಂದೆ ಗೊತ್ತಾ? ‘ನಮ್ಮಮ್ಮ ಹೇಳ್ಕೊಟ್ಟಿದಾಳೆ, ಇನ್ನೊಬ್ರ ಮನೇಲಿ ಕಂಡಿದ್ದು ಲಾರಿಯಿಂದ ಇಳಿಯಲ್ಲ’ ಅಂದಿದ್ದೆ.”

“ಹೆಡ್‌ಮಿಸ್‌ಗೆ ಏನಂದೆ?”

“ನಾನೇ ಕೊಟ್ಟೆ ಅಂದೆ.”

“ಯಾಕೇ? ಯಾಕೆ ಹಾಗಂದೆ?”

“ಮತ್ತೇನನ್ಲಿ? ಲಾರಿಯಮ್ಮ ಕೊಟ್ಲು ಅಂದ್ರೆ ಈ ಊರಲ್ಲಿ ನಿನ್ನ ಯಾರು ಮನೆಯೊಳಗೆ ಬಿಟ್ಕೋತಾರೆ? ಮತ್ತೆ ಗಂಟುಮೂಟೆ ಕಟ್ಬೇಕು.” ಆಗ ಮೊದಲ ಸಲ ರಸ್ತೆ ಬಿಟ್ಟು ನನ್ನ ಕಡೆ ತಿರುಗಿದಳು. “ನಂಗೆ ಈ ಊರು ಬಿಡೋಕೆ ಇಷ್ಟ ಇಲ್ಲಮ್ಮ. ಇದೊಂದು ಊರಾದ್ರೂ ಉಳೀಲಿ.”


ಸೆಪ್ಟೆಂಬರ್ 14, ಭಾನುವಾರ

ನಾನು ನಿಮಿಷ ಬರೆದುಕೊಂಡಿದ್ದ ಚೀಟಿ ಯಜಮಾನರ ಕೈಗೆ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದರು, ಎಕ್ಸ್‌ರೇ ನೋಡುವ ಹಾಗೆ.

“ಎರಡು, ನಾಲ್ಕು, ಏಳು, ಹನ್ನೊಂದು. ಏರ್ತಾ ಇತ್ತಲ್ಲೇ.”

ಅಷ್ಟು ಹೇಳಿ ಚೀಟಿಯನ್ನು ಮೇಜಿನ ಮೇಲಿಟ್ಟು ಹೋದರು.


ಸೆಪ್ಟೆಂಬರ್ 16, ಮಂಗಳವಾರ

ಕೋರ್ಟಿಗೆ ಹೋದೆ. ಅಭ್ಯಾಸ ನಡೆಯುತ್ತಿತ್ತು. ಮಗಳು ಬಂದಿರಲಿಲ್ಲ. ಬೇಲಿಯ ಹೊರಗೆ ನಿಲ್ಲಲಿಲ್ಲ, ಒಳಗೇ ಹೋದೆ. ಹುಡುಗಿಯರೆಲ್ಲ ಕೇಳುವ ಹಾಗೆ ಹೇಳಿದೆ:

“ಸಾರ್, ಆ ಪಟ್ಟಿ ಕೊಟ್ಟಿದ್ದು ನಾನು. ನನ್ನ ಮಗಳಿಗೆ ಅದು ಗೊತ್ತೇ ಇರ್ಲಿಲ್ಲ.”

ಸೀಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸಿಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು, ಅಯ್ಯೋ ಪಾಪ ಎನ್ನುವ ನೋಟ.

“ಬಿಡೀಮ್ಮ. ಅವಳೇ ಒಪ್ಕೊಂಡಿದಾಳೆ, ಅಕ್ಷರಾನೂ ಅವಳದ್ದೇ. ಮಗಳನ್ನ ಉಳಿಸ್ಕೊಳ್ಳೋಕೆ ತಾಯಿ ಹೀಗೆ ಬರೋದು ನಾನೇನು ಹೊಸದಾಗಿ ನೋಡ್ತಿಲ್ಲ.”

“ಸತ್ಯ ಹೇಳ್ತಿದೀನಿ ಸಾರ್!”

“ಮುಂದಿನ್ ವರ್ಷ ಅವಳನ್ನೇ ಕ್ಯಾಪ್ಟನ್ ಮಾಡೋಣ ಅಂತಿದ್ದೆ. ಅದಕ್ಕೇ ಕೇಳಿದ್ದು, ಇರ್ತೀರಾ ಅಂತ.” ಕೊರಳ ಸೀಟಿಯನ್ನು ಅಂಗಿಯಲ್ಲಿ ಒರೆಸಿದ. “ಈಗ ಯಾರು ಅವಳ ಮಾತು ಕೇಳ್ತಾರೆ, ಹೇಳಿ.”

ಸುಳ್ಳನ್ನು ಸತ್ಯ ಮಾಡಿ ಎಷ್ಟು ಗಿರಾಕಿಗಳನ್ನು ಒಪ್ಪಿಸಿಲ್ಲ ನಾನು! ಇವತ್ತು ಅಪ್ಪಟ ಸತ್ಯ ಇಟ್ಟುಕೊಂಡು ನಿಂತಿದ್ದೆ, ಕೊಳ್ಳುವವರಿರಲಿಲ್ಲ.

ಗೇಟಿನ ಹತ್ತಿರ ಡಾಕ್ಟರ ಮಗಳು ಕೂತಿದ್ದಳು, ಸಮವಸ್ತ್ರದಲ್ಲಿ, ಕಾಲು ಮಡಚಿಕೊಂಡು. ಈಗ ಆಡುವಂತಿಲ್ಲವಲ್ಲ, ನೋಡಲು ಬಂದಿದ್ದಳು. ನಾನು ಹಾದುಹೋಗುವಾಗ ತಲೆಯೆತ್ತದೆ ಹೇಳಿದಳು:

“ನಾನು ನಂಬ್ತೀನಿ ಆಂಟಿ. ಅವಳು ಹಾಗ್ಮಾಡಲ್ಲ.”

ಅವಳು ಹಾಗೆ ಮಾಡುವವಳಲ್ಲ. ಅಂದರೆ ಮಾಡುವವಳು ಯಾರೆಂದು ಅವಳಿಗೆ ಗೊತ್ತಿತ್ತು. ಬಯ್ಯಲಿಲ್ಲ. ಬಯ್ದಿದ್ದರೆ ತೀರಿಹೋಗುತ್ತಿತ್ತು.


ಸೆಪ್ಟೆಂಬರ್ 23, ಮಂಗಳವಾರ

ಡಾಕ್ಟರು ಫೋನ್ ಮಾಡಿದರು. ಮುಂದಿನ ವರ್ಷ ತಮ್ಮ ಮಗಳು ಆಡಬೇಕಾದರೆ ಮನೆಮಂದಿಯೆಲ್ಲ ಸೇತುವೆ ದಾಟಿ ಈ ಕಡೆಗೆ ಬರಬೇಕಂತೆ. ಮನೆ ನೋಡಿಯಾಗಿದೆ, ಭಾನುವಾರ ಸಾಮಾನು ಸಾಗಿಸಬೇಕು.

“ಡಾಕ್ಟ್ರೇ, ಬೇರೆಯವರು ತುಂಬಾ ಜನ ಇದಾರಲ್ಲ” ಎಂದೆ.

“ಇದಾರೆ. ಆದ್ರೆ ಅವ್ರಿಗೆ ಹೊಸದಾಗಿ ಎಲ್ಲಾ ತೋರಿಸ್ಬೇಕು. ನಿಮ್ಮ ಮುಂದೆ ಮುಚ್ಚಿಡೋಕೆ ನಮ್ಮನೇಲಿ ಇನ್ನೇನೂ ಉಳಿದಿಲ್ವಲ್ಲಮ್ಮ.”

ಹಲ್ಲಿನ ಡಾಕ್ಟರು. ನೋವಿರುವ ಹಲ್ಲನ್ನೇ ತಟ್ಟಿ ನೋಡಿದರು.


ಸೆಪ್ಟೆಂಬರ್ 28, ಭಾನುವಾರ

ಬೆಳಗ್ಗೆ ಏಳಕ್ಕೆ ಹೊರಟೆವು. ಮಗಳನ್ನು ಕರೆದಿರಲಿಲ್ಲ. ತಾನೇ ಬಂದು ಟೆಂಪೋ ಹತ್ತಿದಳು. ಹದಿನೈದು ದಿನದಲ್ಲಿ ನನ್ನ ಜೊತೆ ಅವಳು ಆಡಿದ ಮಾತು ಎಣಿಸಿದರೆ ಒಂದು ಪುಟ ತುಂಬದು. ಸೇತುವೆ ದಾಟುವವರೆಗೂ ಕಿಟಕಿಯ ಕಡೆ ತಿರುಗಿಕೊಂಡೇ ಇದ್ದಳು.

ಡಾಕ್ಟರ ಮನೆಯ ಬಾಗಿಲು ತೆರೆದಿತ್ತು. ಒಳಗೆ ರಟ್ಟಿನ ಡಬ್ಬಗಳು, ಗೋಡೆಯ ಮೇಲೆ ಫೋಟೋ ತೆಗೆದ ಜಾಗದಲ್ಲಿ ಬಿಳಿ ಚೌಕಗಳು. ಅವರ ಮಗಳು ಒಂದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಾರೂ ನಗಲಿಲ್ಲ.

ಅಭ್ಯಾಸಬಲದಿಂದ ಪಟ್ಟಿಪುಸ್ತಕಕ್ಕೆ ಕಾರ್ಬನ್ ಇಟ್ಟು ಮಗಳ ಕಡೆ ಚಾಚಿದೆ. ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ.

ಅವಳು ಪುಸ್ತಕ ನೋಡಿದಳು. ಕೈ ಮುಂದೆ ಮಾಡಲಿಲ್ಲ.

“ಇನ್ಮೇಲೆ ಪಟ್ಟಿ ನೀನೇ ಬರಿ” ಎಂದಳು.

ಏಳು ಜನರ ಮುಂದೆ, ಡಾಕ್ಟರ ಮುಂದೆ. ದನಿ ಏರಿಸಲಿಲ್ಲ. ಒಳಗೆ ಹೋದಳು. ಮೇಸ್ತ್ರಿ ತಲೆಗೆ ಟವೆಲು ಸುತ್ತಿಕೊಳ್ಳುತ್ತಾ ನನ್ನನ್ನು ನೋಡಿ, ಬೇರೆ ಕಡೆ ತಿರುಗಿದ.

ಕೋಣೆಯೊಳಗಿಂದ ಡಾಕ್ಟರ ಮಗಳ ದನಿ ಕೇಳಿಸಿತು: “ನೀನು ಆ ಕಡೆ ಹಿಡ್ಕೋ. ಎಡಗೈ ಕೆಳಗೆ ಹಾಕು. ಎಡಗೈ ಕಣೇ!”

ಬಾಗಿಲಿನಿಂದ ಮೊದಲು ಬಂದದ್ದು ಹಾಸಿಗೆ, ನಡುವೆ ಜೋತುಬಿದ್ದು, ಎರಡು ತುದಿಯಲ್ಲಿ ಇಬ್ಬರು ಹುಡುಗಿಯರು. ನಾನು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತೆ.

ಪುಸ್ತಕ ತೆರೆದು ಒಂದು ಎಂದು ಬರೆದು, ಸುತ್ತ ಗೆರೆ ಎಳೆದೆ. ಹಾಸಿಗೆ, ಒಂದು. ನನ್ನದೇ ಅಕ್ಷರ, ಯಾರು ಬೇಕಾದರೂ ಗುರುತಿಸಲಿ. ಮೂರು ಪುಟ ಬರೆದೆ, ಕೊನೆಯ ಪೊರಕೆಯವರೆಗೆ. ಷರಾದ ಜಾಗವನ್ನು ಖಾಲಿ ಬಿಟ್ಟೆ.